ಹತ್ತಕ್ಕೊಂದು ಕೊಸರು

ಬೆಟ್ಟವನ್ನು ಕಾಲಿನಿಂದ ಹತ್ತುತ್ತಾರೆ ಎಂದು ಕಾಲಿದ್ದವರೆಲ್ಲ ತಿಳಿದುಕೊಂಡಿರುತ್ತಾರೆ. ಹತ್ತುವುದು ಹೊಟ್ಟೆಯಿಂದ ಎನ್ನುವುದು ಲೆಕ್ಕದಕ್ಕನಿಗೆ ಗೊತ್ತಿತ್ತು. ಹಾಗೆಂದು ಅವಳೇನು ಬೆಟ್ಟ ಹತ್ತಿದವಳಲ್ಲ. ಮೂರನೇ ಮಹಡಿಯಲ್ಲಿದ್ದ ತನ್ನ ಬಾಡಿಗೆ ಮನೆಯ ನಲವತ್ತೆಂಟು ಮೆಟ್ಟಿಲು ಹತ್ತುವಷ್ಟರಲ್ಲೇ ಎರಡು ಕಡೆ ನಿಂತು, ಕಂಬಿ ಹಿಡಿದು, ಮಂಡಿಗೆ ಸಮಾಧಾನ ಹೇಳಬೇಕಾಗುತ್ತಿತ್ತು. ಐವತ್ತೊಂದು ವರ್ಷದ ಹೆಂಗಸು. ಬೆಟ್ಟ ಹತ್ತುವವರನ್ನು ಕಳಿಸಿಕೊಡುವ ಒಂದು ಕಚೇರಿಯ ಉಗ್ರಾಣದಲ್ಲಿ ಹತ್ತೊಂಬತ್ತು ವರ್ಷದಿಂದ ಕೂತು, ಹೋಗುವವರು ದಿನಕ್ಕೆ ಎಷ್ಟು ತಿನ್ನಬೇಕು ಎಂದು ಲೆಕ್ಕ ಹಾಕಿ ಬರೆದುಕೊಡುವುದು ಅವಳ ಕೆಲಸ. ಹೆಸರು ಹಿಡಿದು ಕರೆಯುವ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಎಲ್ಲರ ಬಾಯಲ್ಲೂ ಅವಳು ಲೆಕ್ಕದಕ್ಕನೇ ಆಗಿಹೋದಳು.

ಅವಳಿಗೆ ಸಾಕಾಗಿತ್ತು. ಇಂಥದ್ದರಿಂದ ಎಂದು ಬೆರಳು ಮಾಡಿ ತೋರಿಸುವಂಥದ್ದೇನೂ ಇರಲಿಲ್ಲ. ಬೆಳಗಾದರೆ ಉಗ್ರಾಣದ ಕಬ್ಬಿಣದ ಬಾಗಿಲನ್ನು ಹೆಗಲು ಕೊಟ್ಟು ತಳ್ಳುವುದು, ಹಾಲಿನ ಪುಡಿಯ ವಾಸನೆ, ಕಿಟಕಿಯಿಂದ ಬರುವ ಗಾಳಿಗೆ ಹಾಳೆ ಹಾರದ ಹಾಗೆ ಸಕ್ಕರೆ ಪೊಟ್ಟಣ ಇಡುವುದು, ಸಂಜೆ ಅದೇ ಮೆಟ್ಟಿಲು. ಈ ಸಲದ ತಂಡವೊಂದು ಇಳಿದುಬಂದರೆ ಕೆಲಸ ಬಿಟ್ಟುಬಿಡೋಣ ಎಂದು ಪ್ರತಿಸಲವೂ ಅಂದುಕೊಳ್ಳುತ್ತಿದ್ದಳು. ಬಿಟ್ಟು ಮಾಡುವುದೇನು ಎಂದು ಯೋಚಿಸುವಷ್ಟರಲ್ಲಿ ಮುಂದಿನ ತಂಡದ ಪಟ್ಟಿ ಬಂದಿರುತ್ತಿತ್ತು.

ಲೆಕ್ಕ ಕೇಳುವುದಕ್ಕೆ ಸುಲಭ. ಆ ಎತ್ತರದ ಚಳಿಯಲ್ಲಿ ಒಬ್ಬ ಮನುಷ್ಯ ಡೇರೆಯೊಳಗೆ ಸುಮ್ಮನೆ ಬಿದ್ದುಕೊಂಡಿದ್ದರೂ ದಿನಕ್ಕೆ ಎರಡು ಸಾವಿರದ ಎಂಟುನೂರು ಕ್ಯಾಲರಿ ಸುಡುತ್ತಾನೆ. ಹೊರೆ ಹೊತ್ತು ಹಿಮದಲ್ಲಿ ನಡೆದರೆ ಐದು ಸಾವಿರ. ಅಷ್ಟನ್ನೂ ತಿನ್ನಿಸಲು ಆಗುವುದಿಲ್ಲ, ಮೇಲೆ ಹೋದಂತೆ ಹಸಿವೇ ಸತ್ತುಹೋಗುತ್ತದೆ. ಅದಕ್ಕೇ ತಲೆಗೆ, ದಿನಕ್ಕೆ, ಒಂದು ಕಿಲೋದ ಒಂದು ಚೀಲ. ಓಟ್ಸು, ಹಾಲಿನ ಪುಡಿ, ಬಾದಾಮಿ, ಒಣಹಣ್ಣು, ಚೀಸು, ಚಾಕೊಲೇಟು, ಸೂಪಿನ ಪುಡಿ ಎಲ್ಲ ಸೇರಿ ನಾಲ್ಕೂವರೆ ಸಾವಿರ. ಮಿಕ್ಕಿದ್ದನ್ನು ಮನುಷ್ಯ ತನ್ನ ಮೈಯಿಂದಲೇ ತೆಗೆದು ತಿನ್ನುತ್ತಾನೆ. ಹಾಗೆ ತಿಂದದ್ದೆಷ್ಟು ಎಂದು ತಿಳಿಯುವುದಕ್ಕೆ ಹೋಗುವ ದಿನ ಒಂದು ಸಲ, ಬಂದ ದಿನ ಒಂದು ಸಲ ಎಲ್ಲರನ್ನೂ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿ ತೂಗುವುದು ಅಲ್ಲಿನ ಪದ್ಧತಿ.

ಚೀಲ ಎಷ್ಟು ಎಂದು ಲೆಕ್ಕ ಬಂದ ಮೇಲೆ ಲೆಕ್ಕದಕ್ಕ ಹತ್ತಕ್ಕೊಂದು ಕೊಸರು ಸೇರಿಸುತ್ತಿದ್ದಳು. ಅರುವತ್ತು ಬಂದರೆ ಅರುವತ್ತಾರು ಬರೆಯುವುದು. ಯಾಕೆ ಎಂದು ಹಾಳೆಯ ಮೇಲೆ ಎಲ್ಲೂ ಇರುತ್ತಿರಲಿಲ್ಲ. ಲೆಕ್ಕ ಗೊತ್ತಿದ್ದವಳು ಅಂದಾಜಿಗೆ ಒಂದು ಮುಷ್ಟಿ ಜಾಸ್ತಿ ಸುರಿಯುವುದು ನಾಚಿಕೆಯ ವಿಷಯ ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೂ ಆ ಆರು ಚೀಲ ಬರೆಯದಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ಹಾಗೆ ಅವು ಮೇಲೆ ಹೋಗುತ್ತಿದ್ದವು ಎಂದು ಅವಳು ನಂಬಿದ್ದಳು. ಇದು ತನ್ನೊಬ್ಬಳ ಗುಟ್ಟು ಎಂದೂ ನಂಬಿದ್ದಳು. ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ವಿಷಯಕ್ಕೇ ಗುಟ್ಟು ಎನ್ನುತ್ತಾರೆ ಎಂಬುದು ಆ ವಯಸ್ಸಿಗೂ ಅವಳಿಗೆ ಹೊಳೆದಿರಲಿಲ್ಲ.

ಈ ಅಭ್ಯಾಸ ಕಚೇರಿಯಲ್ಲಿ ಶುರುವಾದದ್ದಲ್ಲ. ತಾಯಿ ಹೋದಾಗ ಅವಳಿಗೆ ಇಪ್ಪತ್ತೊಂದು, ತಮ್ಮನಿಗೆ ನಾಲ್ಕು. ಕಡ್ಡಿಯ ಹಾಗಿದ್ದ, ಅದಕ್ಕೇ ಕಡ್ಡಿ ಎಂದೇ ಕರೆದರು, ಈಗಲೂ ಹಾಗೇ ಕರೆಯುತ್ತಾರೆ. ಊಟವೆಂದರೆ ಅವನಿಗೆ ಶಿಕ್ಷೆ. "ಹತ್ತೇ ಹತ್ತು ತುತ್ತು" ಎಂದು ಅಕ್ಕ ಎಣಿಸಿ ತಿನ್ನಿಸುವಳು. ಹತ್ತಾದ ಮೇಲೆ "ಇದು ಕೊಸರು" ಎಂದು ಹನ್ನೊಂದನೆಯದನ್ನು ತುರುಕುವಳು. ಆ ಹುಡುಗನೇನು ಕಡಿಮೆಯವನೇ? ಅರ್ಧ ತುತ್ತುಗಳನ್ನು ಕೆನ್ನೆಯಲ್ಲಿಟ್ಟುಕೊಂಡು ಹೋಗಿ ಹಿತ್ತಲಲ್ಲಿ ಉಗುಳಿಬರುತ್ತಿದ್ದ. ತಿಂಗಳಿಗೊಮ್ಮೆ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಕೂರಿಸಿದಾಗ ಮುಳ್ಳು ಮೇಲೇಳದ್ದನ್ನು ನೋಡಿ ಅಕ್ಕನಿಗೆ ಕಳ್ಳತನ ತಿಳಿಯುತ್ತಿತ್ತು. "ಬಾಯಿ ಸುಳ್ಳು ಹೇಳುತ್ತೆ ಕಣೋ, ತಕ್ಕಡಿ ಹೇಳಲ್ಲ" ಎಂದು ಕಿವಿ ಹಿಂಡುತ್ತಿದ್ದಳು. ಆ ಕಡ್ಡಿಗೆ ಈಗ ಮೂವತ್ತನಾಲ್ಕು. ಬೆಟ್ಟ ಹತ್ತುವವರನ್ನು ಮುಂದೆ ನಿಂತು ಕರೆದೊಯ್ಯುವ ಹಗ್ಗದ ನಾಯಕ. ಮದುವೆ ಮಾಡಿಕೊಳ್ಳೋ ಎಂದರೆ "ಮೇಲಿಂದ ಇಳಿದು ಬಂದು ಮಾತಾಡೋಣ" ಎನ್ನುವವನು. ಇಳಿದು ಬಂದಮೇಲೆ ನಿದ್ದೆ ಮಾಡುವವನು.

ಈ ಸಲದ್ದು ಅವನದೇ ತಂಡ. ಆರು ಜನ, ಹನ್ನೊಂದು ದಿನ. ಲೆಕ್ಕದಕ್ಕ ಅರುವತ್ತಾರು ಚೀಲ ಎಂದು ಮೂಲೆಯಲ್ಲಿ ಗುರುತು ಹಾಕಿಕೊಂಡು, ಎಂದಿನಂತೆ ಏಳು ಸೇರಿಸಿ ಎಪ್ಪತ್ತಮೂರು ಎಂದು ಬರೆದು ವ್ಯವಸ್ಥಾಪಕರ ಮೇಜಿನ ಮೇಲಿಟ್ಟು ಬಂದಳು. ಅರ್ಧ ಗಂಟೆಯಲ್ಲಿ ಕರೆ ಬಂತು.

ವ್ಯವಸ್ಥಾಪಕರು ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯವರು, ಯಾವಾಗಲೂ ಹಲ್ಲುನೋವಿನವರ ಹಾಗೆ ಮುಖ ಹಿಡಿದುಕೊಂಡಿರುತ್ತಿದ್ದರು.

"ಅಕ್ಕಾ, ಆರು ಹನ್ನೊಂದ್ಲಿ ಎಷ್ಟು?"

"ಅರುವತ್ತಾರು."

"ಮತ್ತೆ ಇಲ್ಲಿ ಎಪ್ಪತ್ತಮೂರು ಅಂತಿದೆ."

ಲೆಕ್ಕದಕ್ಕ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಅವಳ ಕಿವಿಯೆಲ್ಲ ಬಿಸಿಯಾಯಿತು.

"ನಂಗೆ ಗೊತ್ತಿಲ್ಲ ಅಂದ್ಕೋಬೇಡಿ. ಇಷ್ಟು ವರ್ಷ ನೋಡಿದ್ರೂ ನೋಡದ ಹಾಗೆ ಸಹಿ ಹಾಕಿದೀನಿ. ಈ ಸಲ ಹೊರೆಯಾಳುಗಳು ಸಿಕ್ಕಿರೋದೇ ನಾಲ್ಕು ಜನ. ಇರೋ ಬೆನ್ನಿಗೆ ತಾನೇ ಹೊರಿಸಬೇಕು? ಕೊಸರು ಗಿಸರು ಬೇಡ. ಸರಿಯಾದ ಲೆಕ್ಕ ಕೊಡಿ ಸಾಕು. ನಿಮ್ಮ ಲೆಕ್ಕ ಯಾವತ್ತೂ ತಪ್ಪಿಲ್ಲ, ಮತ್ತೆ ಯಾಕೆ ಹೆದರ್ತೀರಾ?"

ಹೊಗಳಿಕೆಯ ಮಾತು ಹೊಟ್ಟೆಗೆ ಗುದ್ದಿದ ಹಾಗೆ ಬಿತ್ತು. ಹಟ ಮಾಡಬಹುದಿತ್ತು. ಆದರೆ ಹಟಕ್ಕೂ ತ್ರಾಣ ಬೇಕಲ್ಲ. ಅವಳು ಎಪ್ಪತ್ತಮೂರನ್ನು ಅಡ್ಡಗೀಟಿನಿಂದ ಹೊಡೆದು ಅರುವತ್ತಾರು ಎಂದು ಬರೆದು, ಹಾಳೆಯನ್ನು ಉಗ್ರಾಣದ ಆಚೆ ತುದಿಗೆ, ಗಂಟುಮಾಮನ ಮೇಜಿಗೆ ಕೊಡುವ ಮೊದಲು ನೀಟಾಗಿ ಇನ್ನೊಂದು ಪ್ರತಿ ಮಾಡಿದಳು. ಹೊಡೆದು ಬರೆದ ಹಾಳೆ ಯಾರ ಕಣ್ಣಿಗಾದರೂ ಬೀಳುವುದು ಅವಳಿಗೆ ಇಷ್ಟವಿರಲಿಲ್ಲ.

ಗಂಟುಮಾಮ ಚೀಲಗಳನ್ನು ಎಣಿಸಿ ಮೂಟೆ ಕಟ್ಟುವವನು. ವಯಸ್ಸು ಅರುವತ್ತೈದು ದಾಟಿತ್ತು. ಅವನು ಹಾಕಿದ ಗಂಟನ್ನು ಬೆಟ್ಟದ ಮೇಲೆ ಕೈಗವಸು ಹಾಕಿಕೊಂಡೇ ಬಿಚ್ಚಬಹುದು, ಕೆಳಗೆ ಯಾವ ಕಳ್ಳನೂ ಬಿಚ್ಚಲಾರ ಎಂದು ಹೆಸರು. ಯೌವನದಲ್ಲಿ ಹೊರೆಯಾಳಾಗಿದ್ದವನು. ಈಗ ಅವನ ಬೆನ್ನು ಬಾಗಿಲು ದಾಟುವಾಗಲೂ ಬಗ್ಗಿರುತ್ತಿತ್ತು, ದಾಟಿದ ಮೇಲೂ ಬಗ್ಗಿರುತ್ತಿತ್ತು. ಹದಿನಾಲ್ಕು ವರ್ಷದಿಂದ ಇಬ್ಬರೂ ಮಧ್ಯಾಹ್ನದ ಊಟಕ್ಕೆ ಒಂದೇ ಬೆಂಚಿನ ಮೇಲೆ ಕೂತು, ಮಂಡಿ ಬೆನ್ನುಗಳ ಯೋಗಕ್ಷೇಮ ವಿಚಾರಿಸಿಕೊಂಡು, ಕೆಲಸದ ಮಾತನ್ನು ಮಾತ್ರ ಆಡದೆ ಎದ್ದುಹೋಗುತ್ತಿದ್ದರು.

"ಈ ಸಲ ಎಷ್ಟು ತಾಯಿ?"

"ಅರುವತ್ತಾರು ಮಾಮ."

"ಆಯ್ತು ಬಿಡು" ಎಂದ ಗಂಟುಮಾಮ. ಅಷ್ಟೇ ಆಡಿದ ಮಾತು.

ಹೊರಡುವ ದಿನ ಆರೂ ಜನ ಬರಿಗಾಲಲ್ಲಿ ಒಬ್ಬರ ಹಿಂದೊಬ್ಬರು ಯಂತ್ರದ ಮೇಲೆ ನಿಂತರು. ಎಲ್ಲರಿಗಿಂತ ದಪ್ಪಗಿದ್ದವನು ಒಬ್ಬ ಬಡಗಿ, ತೊಂಬತ್ತೆರಡು ಕಿಲೋ. ಜೀವಮಾನವೆಲ್ಲ ಬೇರೆಯವರ ಮನೆಗೆ ಕಪಾಟು ಮಾಡಿಕೊಟ್ಟು, ಈಗ ಒಂದು ಸಲ ಮೋಡದ ಮೇಲಿಂದ ಕೆಳಗೆ ನೋಡಬೇಕು ಎಂದು ಹೊರಟವನು. ಕೊನೆಗೆ ಕಡ್ಡಿ ನಿಂತ. ಅರುವತ್ತೊಂದೂವರೆ.

"ಇನ್ನೂ ಎರಡು ಕಿಲೋ ಹಾಕ್ಕೊಂಡು ಹೋಗೋ ಅಂದ್ರೆ ಕೇಳಿದ್ಯಾ?" ಎಂದಳು ಅಕ್ಕ.

"ನೀನು ಮೂಟೇಲಿ ಹಾಕಿರ್ತೀಯಲ್ಲ, ಮೈಮೇಲೆ ಯಾಕೆ ಹೊರಬೇಕು?" ಎಂದು ಕಡ್ಡಿ ಕಣ್ಣು ಮಿಟುಕಿಸಿದ. ಅವಳಿಗೆ ನಗು ಬರಲಿಲ್ಲ. ಈ ಸಲ ಏನೂ ಹಾಕಿಲ್ಲ ಎಂದು ಹೇಳಿಬಿಡೋಣ ಅನ್ನಿಸಿತು. ಹೊರಟವನಿಗೆ ಬಾಗಿಲಲ್ಲಿ ನಿಂತು ಅಪಶಕುನ ಯಾಕೆ ಎಂದು ಸುಮ್ಮನಾದಳು.

ಆರು ದಿನ ಎಲ್ಲ ಸರಿಯಾಗಿತ್ತು. ದಿನಕ್ಕೆರಡು ಸಲ, ಬೆಳಿಗ್ಗೆ ಎಂಟಕ್ಕೆ ಮತ್ತು ಸಂಜೆ ಐದಕ್ಕೆ ವೈರ್‌ಲೆಸ್ಸಿನಲ್ಲಿ ಕಡ್ಡಿಯ ದನಿ ಗರಗರ ಎಂದು ಬರುತ್ತಿತ್ತು. ಹೊರೆಯಾಳುಗಳು ಮೇಲಿನ ಠಾಣ್ಯದಲ್ಲಿ ಕೊನೆಯ ಮೂರು ಮೂಟೆ ಇಳಿಸಿ ವಾಪಸಾಗಿದ್ದರು. ಆರನೆಯ ದಿನ ಸಂಜೆ ಗಾಳಿ ಎದ್ದಿತು. ಏಳನೆಯ ದಿನ ಬೆಳಿಗ್ಗೆ ಡೇರೆಯ ಬಾಗಿಲು ತೆಗೆದರೆ ಹಿಮದ ಗೋಡೆ. ಹವಾಮಾನದವರು ಐದು ದಿನ ಅಲುಗಾಡಬೇಡಿ ಎಂದಿದ್ದರು. ತುದಿ ಮುಟ್ಟುವ ಆಸೆ ಅಲ್ಲಿಗೆ ಮುಗಿಯಿತು. ಇನ್ನು ಇಳಿದು ಬಂದರೆ ಸಾಕು ಎನ್ನುವ ಮಾತು.

ಆ ಬೆಳಿಗ್ಗೆ ಕಡ್ಡಿ ಮೊದಲು ಅಕ್ಕನನ್ನೇ ಕೇಳಿದ.

"ಅಕ್ಕಾ, ಮೂರು ಮೂಟೇನೂ ಬಿಚ್ಚಿದೆ. ಇಪ್ಪತ್ನಾಲ್ಕೇ ಚೀಲ ಇದೆ. ಮೂವತ್ತಿರಬೇಕಿತ್ತಲ್ವಾ?"

"ಸರಿಯಾಗಿ ಎಣಿಸೋ."

"ಮೂರು ಸಲ ಎಣಿಸ್ದೆ. ಒಂದೊಂದು ಮೂಟೇಲೂ ಎಂಟೆಂಟು."

ಲೆಕ್ಕದಕ್ಕ ಬೆರಳು ಮಡಿಸಿ ಎಣಿಸಿದಳು. ಅರುವತ್ತಾರರಲ್ಲಿ ಆರು ದಿನಕ್ಕೆ ಮೂವತ್ತಾರು ಹೋದರೆ ಮೂವತ್ತು. ಆರು ಕಡಿಮೆ ಬೀಳಲು ಸಾಧ್ಯವೇ ಇಲ್ಲ. ತಾನೇ ಎಲ್ಲೋ ತಪ್ಪಿರಬೇಕು. ಎಪ್ಪತ್ತಮೂರನ್ನು ಹೊಡೆದು ಬರೆಯುವಾಗ ಕೈ ಸೋತಿತೇನೋ, ಕಣ್ಣು ಸೋತಿತೇನೋ. ಮಧ್ಯಾಹ್ನ ಲೆಕ್ಕ ಹೇಳುತ್ತೇನೆ ಎಂದು ಹೇಳಿ ಉಗ್ರಾಣಕ್ಕೆ ಬಂದು ಹಳೆಯ ಪ್ರತಿ, ಹೊಸ ಪ್ರತಿ ಎರಡನ್ನೂ ಹರಡಿಕೊಂಡು ಬೆರಳಿಟ್ಟು ಓದುತ್ತ ಕೂತಳು.

ಏನೋ ದೊಪ್ಪನೆ ಮೇಜಿನ ಮೇಲೆ ಬಿತ್ತು. ತಲೆ ಎತ್ತಿದರೆ ಗಂಟುಮಾಮ. ಆರು ಚೀಲ ಕಡಿಮೆ ಬಿದ್ದ ಸುದ್ದಿ ಅವನಿಗೂ ಮುಟ್ಟಿತ್ತು. ಒಂದು ಚೀಲ ಇಟ್ಟ. ಹೋಗಿ ಇನ್ನೆರಡು ತಂದ. ಮತ್ತೆ ಹೋಗಿ ಮೂರು ತಂದ. ಆರು ಚೀಲಗಳನ್ನು ಸಾಲಾಗಿ ಇಟ್ಟು, ಅವುಗಳ ಹಿಂದೆ ಕೈಕಟ್ಟಿ ನಿಂತ.

"ಇವು ಎಲ್ಲಿದ್ವು ಮಾಮ?"

"ನನ್ನ ಮೇಜಿನ ಕೆಳಗೆ."

"ಯಾಕೆ?"

"ನೀನು ಯಾವಾಗ್ಲೂ ಹತ್ತಕ್ಕೊಂದು ಕೊಸರು ಹಾಕ್ತೀಯಲ್ಲ ತಾಯಿ" ಎಂದ ಗಂಟುಮಾಮ. "ಅದನ್ನ ನಾನು ಯಾವಾಗ್ಲೂ ತೆಗೀತೀನಿ. ಮೇಲಿನ ಠಾಣ್ಯದ ಮೂಟೆಗಳಿಂದ. ಹೊತ್ತವನಿಗೆ ಗೊತ್ತು ಆರು ಕಿಲೋ ಅಂದ್ರೆ ಏನು ಅಂತ. ಅಲ್ಲಿ ಉಸಿರೇ ಭಾರ. ನಿನ್ನ ಲೆಕ್ಕ ಸರಿ ಇರುತ್ತೆ, ಕೊಸರು ಯಾಕೆ ಪಾಪದವರ ಬೆನ್ನಿಗೆ ಅಂತ... ಅರುವತ್ತಾರು ಅಂದ್ಯಲ್ಲ, ಅರುವತ್ತಕ್ಕೆ ಆರು ಕೊಸರು ಅಂದ್ಕೊಂಡೆ."

"ಎಷ್ಟು ವರ್ಷದಿಂದ?"

"ನಾನು ಬಂದಾಗ್ಲಿಂದ."

ಹದಿನಾಲ್ಕು ವರ್ಷ. ಲೆಕ್ಕದಕ್ಕನಿಗೆ ಸಿಟ್ಟು ಬರಬೇಕಿತ್ತು. ಬಾಯಿಗೆ ಬಂದಂತೆ ಬೈದುಬಿಟ್ಟಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಆದರೆ ಅವಳಿಗೆ ಬಂದದ್ದು ಬರೀ ಆಯಾಸ. ಹದಿನಾಲ್ಕು ವರ್ಷ ಅವಳ ಕೊಸರು ಬೆಟ್ಟ ಹತ್ತಿರಲೇ ಇಲ್ಲ. ಉಗ್ರಾಣದ ಆಚೆ ತುದಿಯ ಮೇಜಿನ ಕೆಳಗೆ ಬೆಚ್ಚಗೆ ಕೂತಿತ್ತು. ಅವಳು ಅದರ ಧೈರ್ಯದಲ್ಲಿ ನಿದ್ದೆ ಮಾಡಿದ್ದಳು. ಮಾಮ ಅವಳ ಲೆಕ್ಕದ ಧೈರ್ಯದಲ್ಲಿ ನಿದ್ದೆ ಮಾಡಿದ್ದ. ಒಂದೇ ಬೆಂಚಿನ ಮೇಲೆ ಕೂತು ಮಂಡಿಯ ಮಾತಾಡುವ ಬದಲು ಈ ಮಾತನ್ನು ಒಂದೇ ಒಂದು ದಿನ ಆಡಿದ್ದರೆ ಆಗುತ್ತಿತ್ತು.

"ಈ ಸಲ ಕೊಸರು ಹಾಕಿರ್ಲಿಲ್ಲ ಮಾಮ."

ಗಂಟುಮಾಮ ಬೆಂಚಿನ ಮೇಲೆ ಕುಸಿದ. ಬಗ್ಗಿದ ಬೆನ್ನು ಇನ್ನಷ್ಟು ಬಗ್ಗಿ ಹಣೆ ಮಂಡಿಗೆ ತಾಗಿತು. "ನನ್ನ ಕೈಯಾರೆ ಮಾಡ್ದೆ" ಎಂದು ಮತ್ತೆ ಮತ್ತೆ ಅಂದ. ಅವಳು ಅವನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಆಮೇಲೆ ಪೆನ್ಸಿಲು ಚೂಪು ಮಾಡಿಕೊಂಡಳು. ಅಳುವುದಕ್ಕೆ ಆಮೇಲೂ ಸಮಯವಿತ್ತು.

ಐದು ದಿನ ಮಲಗಿರಬೇಕು. ಮೂರು ದಿನ ಹೊಸ ಹಿಮದಲ್ಲಿ ಇಳಿಯಬೇಕು. ಎಂಟು ದಿನ, ಆರು ಬಾಯಿ, ನಲವತ್ತೆಂಟು ಚೀಲ ಬೇಕು. ಇರುವುದು ಇಪ್ಪತ್ತನಾಲ್ಕು. ಮಲಗಿರುವ ದಿನ ತಲೆಗೆ ಚೀಲದ ಮೂರನೇ ಒಂದು ಪಾಲು ಕೊಟ್ಟರೆ ಹತ್ತು ಚೀಲ ಖರ್ಚು. ಉಳಿದ ಹದಿನಾಲ್ಕನ್ನು ಇಳಿಯುವ ದಿನಗಳಿಗೆ ಇಟ್ಟುಕೊಂಡರೆ ತಲೆಗೆ ಮುಕ್ಕಾಲು ಚೀಲ. ಮಿಕ್ಕಿದ್ದನ್ನು ಮೈ ಕೊಡಬೇಕು. ಹೋಗಿಬರುವಷ್ಟರಲ್ಲಿ ಮೈಯ ನೀರೂ ಸೇರಿ ಒಬ್ಬೊಬ್ಬರೂ ಎರಡೂವರೆ ಕಿಲೋ ಇಳಿಯುತ್ತಾರೆ, ಆರು ಜನಕ್ಕೆ ಹದಿನೈದು. ಮೂರನೇ ಒಂದಕ್ಕಿಂತ ಕಡಿಮೆ ತಿಂದರೆ ಮೈ ತಣ್ಣಗಾಗುತ್ತದೆ. ಮುಕ್ಕಾಲಿಗಿಂತ ಕಡಿಮೆ ತಿಂದರೆ ಇಳಿಜಾರಿನಲ್ಲಿ ಕಾಲು ಮಾತು ಕೇಳುವುದಿಲ್ಲ. ಎರಡು ಸಲ ಕೂಡಿಸಿ, ಒಂದು ಸಲ ಕಳೆದು ನೋಡಿದಳು. ಕೊಸರು ಇಡಲು ಆ ಲೆಕ್ಕದಲ್ಲಿ ಎಲ್ಲೂ ಜಾಗವಿರಲಿಲ್ಲ. ಇಪ್ಪತ್ತನಾಲ್ಕನ್ನು ಹೇಗೆ ಹಂಚಿದರೂ ಇಪ್ಪತ್ತನಾಲ್ಕೇ.

ವೈರ್‌ಲೆಸ್ಸಿನಲ್ಲಿ ನಿಧಾನವಾಗಿ, ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದಳು. ಆರು ಚೀಲ ಇಲ್ಲೇ ಉಳಿದುಬಿಟ್ಟಿದೆ, ತಪ್ಪು ಕೆಳಗಿನವರದ್ದು ಎಂದೂ ಹೇಳಿದಳು. ಪಕ್ಕದಲ್ಲಿ ವ್ಯವಸ್ಥಾಪಕರು ಮುಖ ಹಿಡಿದುಕೊಂಡು ನಿಂತಿದ್ದರು.

"ಇದಕ್ಕಿಂತ ಒಂದು ತುತ್ತೂ ಕಡಿಮೆ ತಿನ್ನಬಾರದು. ಕೇಳಿಸ್ತೇನೋ? ನೀನೂ ಅಷ್ಟೇ. ಒಂದು ತುತ್ತೂ."

"ಕೇಳಿಸ್ತು." ಗಾಳಿಯ ಸದ್ದಿನ ನಡುವೆ ಅವನು ನಕ್ಕದ್ದೂ ಕೇಳಿಸಿತು. "ನಿನ್ನ ಹತ್ತು ಅಂದ್ರೆ ಹನ್ನೊಂದು ಅಕ್ಕಾ, ನಂಗೊತ್ತಿಲ್ವಾ? ನೀನು ಹೆದರ್ಕೋಬೇಡ."

ಬ್ಯಾಟರಿ ಉಳಿಸಲು ಅಲ್ಲಿಂದಲೇ ಆರಿಸಿದರು. ಲೆಕ್ಕದಕ್ಕ ಸತ್ತ ಯಂತ್ರದ ಮುಂದೆ ಬಾಯಿ ತೆರೆದುಕೊಂಡೇ ಕೂತಳು. ಇಲ್ಲ ಕಣೋ, ಇದು ಹತ್ತೇ ಹತ್ತು ಎಂದು ಹೇಳಬೇಕಿತ್ತು. ಸಂಜೆ ಐದಕ್ಕೆ ಹೇಳಬಹುದಿತ್ತು. ಐದಾದಾಗ ಅವನ ದನಿಯಲ್ಲಿ ಅಷ್ಟೊಂದು ಗೆಲುವಿತ್ತು, ಹಿಂದೆ ಯಾರೋ ಕೆಮ್ಮುತ್ತ ನಗುತ್ತಿದ್ದರು. ತಿನ್ನಲು ಇಲ್ಲದವನ ಹತ್ತಿರ ಇರುವ ಧೈರ್ಯವನ್ನೂ ಯಾಕೆ ಕಿತ್ತುಕೊಳ್ಳಲಿ, ಇಲ್ಲದ ಕೊಸರಿನ ನಂಬಿಕೆಯಾದರೂ ಅವನನ್ನು ಬೆಚ್ಚಗಿಡಲಿ ಎಂದು ಅವಳು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಅದರ ಮರುದಿನದಿಂದ ಬ್ಯಾಟರಿ ಸೋತು ವೈರ್‌ಲೆಸ್ಸು ಬರೀ ಉಸಿರು ಬಿಡತೊಡಗಿತು. ಮೇಲಿನವರು ಒಂದು ಸಲ ಗುಂಡಿ ಒತ್ತಿದರೆ ಎಲ್ಲರೂ ಇದ್ದೇವೆ ಎಂದು ಅರ್ಥ. ಬೆಳಿಗ್ಗೆ ಒಂದು ಸಲ ಗರ್ ಎನ್ನುವುದು, ಸಂಜೆ ಒಂದು ಸಲ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಆ ದಿನಗಳಲ್ಲಿ ಅವಳ ಕಿಟಕಿಗೆ ಬೆಟ್ಟ ಕಾಣುತ್ತಲೇ ಇರಲಿಲ್ಲ. ಬೂದಿ ಬಣ್ಣದ ಮೋಡವಷ್ಟೇ. ಅವಳೂ ಮನೆಯಲ್ಲಿ ಚೀಲದ ಮೂರನೇ ಒಂದು ಪಾಲು ತೂಗಿಕೊಂಡು ತಿಂದಳು. ಅದರಿಂದ ಮೇಲಿದ್ದವರಿಗೆ ಒಂದು ಕಾಳೂ ಹೆಚ್ಚುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡನೆಯ ದಿನಕ್ಕೇ ಮೆಟ್ಟಿಲುಗಳಲ್ಲಿ ಮೂರು ಕಡೆ ನಿಲ್ಲಬೇಕಾಯಿತು. ಗಂಟುಮಾಮ ಮಧ್ಯಾಹ್ನ ಬೆಂಚಿಗೆ ಬಂದು ಊಟದ ಡಬ್ಬಿ ಬಿಚ್ಚದೆ ಕೂತು ಹೋಗುತ್ತಿದ್ದ. ಆರು ಚೀಲಗಳು ಅವಳ ಮೇಜಿನ ಮೇಲೆ ಹಾಗೇ ಇದ್ದವು. ಎತ್ತಿಡಲು ಇಬ್ಬರಿಗೂ ಕೈ ಬರಲಿಲ್ಲ.

ಲೆಕ್ಕ ಹೇಳಿದ ದಿನದಿಂದ ಎಂಟನೆಯ ದಿನ ಮಧ್ಯಾಹ್ನ ಅವರು ಬಂದರು. ಆರೂ ಜನ. ಉಗ್ರಾಣದ ಅಂಗಳಕ್ಕೆ ಗಾಡಿ ಬಂದು ನಿಂತಾಗ ಲೆಕ್ಕದಕ್ಕ ಮೊದಲು ಎಣಿಸಿದಳು, ಆಮೇಲೆ ಮುಖ ನೋಡಿದಳು. ಕಡ್ಡಿ ಕೊನೆಗೆ ಇಳಿದ. ಇಬ್ಬರು ತೋಳು ಹಿಡಿದಿದ್ದರು. ಕೊನೆಯ ಇಳಿಜಾರಿನಲ್ಲಿ ಎರಡು ಸಲ ಕಾಲು ಸೋತು ಕೂತುಬಿಟ್ಟನಂತೆ, ಒಂದು ಸಲ ಜಾರಿದನಂತೆ, ಹಗ್ಗ ಹಿಡಿದಿದ್ದರಿಂದ ಉಳಿದನಂತೆ. "ಬೂಟು ಸರಿ ಇರ್ಲಿಲ್ಲ" ಎಂದ ಅವನು. ಬೂಟನ್ನು ಬೈಯುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ.

ಪದ್ಧತಿಯಂತೆ ತೂಗಬೇಕು. ಇವತ್ತು ಬಿಡಿ ಎಂದು ವ್ಯವಸ್ಥಾಪಕರು ಅಂದರೂ ಅವಳು ಬಿಡಲಿಲ್ಲ. ನಾಲ್ಕು ಜನ ಎರಡೂವರೆಯ ಆಚೀಚೆ ಇಳಿದಿದ್ದರು. ನಾಲ್ವರದ್ದೂ ಸೇರಿ ಹತ್ತು ಕಿಲೋ. ಆಮೇಲೆ ಬಡಗಿ ನಿಂತ. ಮೇಲೆ ಡೇರೆಯಲ್ಲಿ ಸಿಕ್ಕಿಕೊಂಡ ಎರಡನೆಯ ದಿನವೇ ಅವನಿಗೆ ಚಳಿಜ್ವರ ಹತ್ತಿತ್ತಂತೆ. ಕಣ್ಣು ಒಳಗೆ ಹೋಗಿತ್ತು. ಆದರೆ ಮುಳ್ಳು ತೊಂಬತ್ತೊಂದೂವರೆಗೆ ಬಂದು ನಿಂತಿತು. ಅರ್ಧ ಕಿಲೋ ಕಡಿಮೆ, ಅಷ್ಟೇ.

ಬಡಗಿ ಇಳಿದು ಅವಳ ಎರಡೂ ಕೈ ಹಿಡಿದುಕೊಂಡ. "ನೀವು ಯಾರಿಗೂ ಗೊತ್ತಿಲ್ಲದ ಹಾಗೆ ಒಂದಷ್ಟು ಕೊಸರು ಇಟ್ಟಿದ್ರಂತಲ್ಲಕ್ಕ. ನಿಮ್ಮ ತಮ್ಮ ದಿನಾ ಅದರಲ್ಲೇ ಬಿಸಿ ಮಾಡಿ ಕುಡಿಸಿದ್ರು. ಅದಿಲ್ದಿದ್ರೆ ನಾನು ಅಲ್ಲೇ ಮುಗಿದ್ಹೋಗ್ತಿದ್ದೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಲೆಕ್ಕದಕ್ಕ ಕೈ ಬಿಡಿಸಿಕೊಂಡು ತಮ್ಮನ ಕಡೆ ನೋಡಿದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ಹತ್ತೋ" ಎಂದಳು.

ಐವತ್ತೇಳು. ನಾಲ್ಕೂವರೆ ಕಿಲೋ ಇಳಿದಿದ್ದ.

ಅವಳು ಮೇಜಿಗೆ ಹೋಗಿ ಕೂತಳು. ಹತ್ತು, ಅರ್ಧ, ನಾಲ್ಕೂವರೆ. ಕೂಡಿಸಿದರೆ ಹದಿನೈದು. ಕೂಡಿಸಿದಾಗ ಅವಳ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಿಡಿಸಿ ನೋಡಿದರೆ ಎರಡು ಕಿಲೋ ಒಬ್ಬನ ಮೈಯಿಂದ ಎದ್ದು ಇನ್ನೊಬ್ಬನ ಮೈಗೆ ಹೋಗಿ ಕೂತಿತ್ತು. ಒಂದು ಕಿಲೋ ಕೊಬ್ಬೆಂದರೆ ಏಳು ಸಾವಿರದ ಏಳುನೂರು ಕ್ಯಾಲರಿ, ಎರಡಕ್ಕೆ ಹದಿನೈದು ಸಾವಿರದ ನಾನೂರು. ಮೂರೂವರೆ ಚೀಲ. ಅವನ ಪಾಲಿಗೆ ಎಂಟು ದಿನಕ್ಕೆ ಬಂದದ್ದೇ ನಾಲ್ಕು. ಅರ್ಧ ಚೀಲ ತಿಂದು ಎಂಟು ದಿನ ಬದುಕಿ, ಅದರಲ್ಲಿ ಮೂರು ದಿನ ಹಿಮ ಕಡಿಯುತ್ತ ಐದು ಜನರನ್ನು ಇಳಿಸಿಕೊಂಡು ಬಂದಿದ್ದ. ಬಾಯಿ ಸುಳ್ಳು ಹೇಳುತ್ತದೆ, ತಕ್ಕಡಿ ಹೇಳುವುದಿಲ್ಲ.

ಉಳಿದವರೆಲ್ಲ ಆಸ್ಪತ್ರೆಯ ಗಾಡಿ ಹತ್ತುವಷ್ಟರಲ್ಲಿ ಗಂಟುಮಾಮ ಸ್ಟೋವಿನ ಮೇಲೆ ಓಟ್ಸಿನ ಗಂಜಿ ಕಾಯಿಸಿದ್ದ. ಮೇಜಿನ ಮೇಲಿದ್ದ ಆರರಲ್ಲಿ ಒಂದನ್ನು ಕೊನೆಗೂ ಬಿಚ್ಚಿದ್ದ. ಕಡ್ಡಿ ಮೂಟೆಯೊಂದಕ್ಕೆ ಒರಗಿ, ಬಟ್ಟಲನ್ನು ಎದೆಗೆ ಹಿಡಿದುಕೊಂಡು, ಚಿಕ್ಕಂದಿನಂತೆಯೇ ಚಮಚದ ತುದಿಯಲ್ಲಿ ನೆಕ್ಕುತ್ತಿದ್ದ. ಅಕ್ಕ ಬಂದು ಎದುರಿಗೆ ಕೂತಳು.

"ನಿನ್ನ ಲೆಕ್ಕ ಸರಿಯಾಗಿತ್ತಕ್ಕ" ಎಂದ ಅವನು ಮೊದಲೇ.

"ಮೂರೂವರೆ ಚೀಲ ಯಾಕೋ ಕೊಟ್ಟೆ?"

ಅವನು ಸಿಕ್ಕಿಬಿದ್ದ ಕಳ್ಳನ ನಗು ನಕ್ಕ. "ಅವನು ನಡುಗ್ತಾ ಇದ್ದ. ಏನ್ ಮಾಡ್ಲಿ? ಇಷ್ಟೇ ತಿನ್ನಬೇಕು, ಕಡಿಮೆಯಾದ್ರೆ ಕಷ್ಟ ಅಂತ ನೀನು ಹೇಳಿದ್ದೆ. ಆದ್ರೆ ನೀನು ಹೇಳಿದ್ದು ಅಂದ್ಮೇಲೆ ಅದರಲ್ಲಿ ಕೊಸರು ಇದ್ದೇ ಇರುತ್ತಲ್ಲ. ನೀನು ಮೂರನೇ ಒಂದು ಅಂದ್ರೆ ಅದರಲ್ಲಿ ಒಂದು ಚೂರಿಗೇ ನಡೆಯುತ್ತೆ ಅಂದ್ಕೊಂಡೆ. ಆ ಧೈರ್ಯದಲ್ಲೇ ಕೊಟ್ಟೆ. ಇತ್ತು ತಾನೇ?"

ಸ್ಟೋವಿನ ಹತ್ತಿರ ಗಂಟುಮಾಮನ ಕೈ ನಿಂತಿತು.

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಎಷ್ಟು ಸುಲಭವಾಗಿತ್ತು ಅದು. ಅವನು ನಗುತ್ತ ಉಂಡು ಮಲಗುತ್ತಿದ್ದ, ಅವಳೂ ಮೆಟ್ಟಿಲು ಹತ್ತಿ ಹೋಗಿ ಮಲಗಬಹುದಿತ್ತು. ಮಲಗಬೇಕೆಂದು ಅವಳ ಒಂದೊಂದು ಮೂಳೆಯೂ ಕೇಳುತ್ತಿತ್ತು. ಆದರೆ ಇನ್ನೊಂದು ಬೆಟ್ಟವಿತ್ತು, ಅದರಾಚೆಗೆ ಮತ್ತೊಂದು. ಅಲ್ಲೆಲ್ಲ ಇವನು ಈ ಹೂಂ ಅನ್ನೇ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ.

"ಇರ್ಲಿಲ್ಲ ಕಣೋ" ಎಂದಳು. "ಮೂಟೇಲೂ ಇರ್ಲಿಲ್ಲ, ಆ ಲೆಕ್ಕದಲ್ಲೂ ಇರ್ಲಿಲ್ಲ. ಒಂದು ಚಮಚದಷ್ಟೂ ಇರ್ಲಿಲ್ಲ. ನೀನು ಇದೆ ಅಂದ್ಕೊಂಡಿದ್ದು ಗೊತ್ತಿದ್ದೂ ನಾನು ಬಾಯಿ ಬಿಡ್ಲಿಲ್ಲ. ಧೈರ್ಯ ಇರ್ಲಿ ಅಂತ ಸುಮ್ನಿದ್ದೆ."

ಕಡ್ಡಿಯ ಚಮಚ ಗಾಳಿಯಲ್ಲೇ ನಿಂತಿತು. ಅವನು ಅಕ್ಕನ ಮುಖವನ್ನೂ, ಮೇಜಿನ ಮೇಲೆ ಉಳಿದಿದ್ದ ಐದು ಚೀಲಗಳನ್ನೂ ನೋಡಿದ. ಜಾರಿದ ಆ ಇಳಿಜಾರು ಅವನ ಕಣ್ಣೆದುರು ಬಂದಿರಬೇಕು. ಅವನ ಕೈ ಸಣ್ಣಗೆ ನಡುಗಲು ಶುರುವಾಗಿ ಚಮಚ ಬಟ್ಟಲಿಗೆ ತಾಗಿ ಟಣಟಣ ಎಂದಿತು. ಎಂಟು ದಿನ ಹಿಮದಲ್ಲಿ ಹೆದರದಿದ್ದವನು ಬೆಚ್ಚಗಿನ ಉಗ್ರಾಣದಲ್ಲಿ, ಸಕ್ಕರೆ ಹಾಲಿನ ಪುಡಿಗಳ ನಡುವೆ ಕೂತು ಹೆದರಿದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಮೂಳೆ ಕೈಗೆ ಸಿಕ್ಕಿತು. ಆಗ ಅವಳಿಗೆ ಅಳು ಬಂತು, ಎಂಟು ದಿನದ್ದೂ ಒಟ್ಟಿಗೆ ಬಂತು. ಅವಳು ತಡೆಯಲಿಲ್ಲ.

ನಡುಕ ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ತಿಂದ. ತಲೆ ತಗ್ಗಿಸಿಕೊಂಡು, ಮಾತಾಡದೆ, ಚಮಚ ತುಂಬಿ ತುಂಬಿ ತಿಂದ. ಬಟ್ಟಲ ತಳ ಕೆರೆ‌ದ. ಮೂವತ್ತು ವರ್ಷದಲ್ಲಿ ಅವಳು ಒಮ್ಮೆಯೂ ಕೇಳಿರದಿದ್ದ ಮಾತನ್ನು ಬಟ್ಟಲು ಮುಂದೆ ಹಿಡಿದು ಆಡಿದ.

"ಅಕ್ಕಾ, ಇನ್ನೊಂಚೂರು ಹಾಕು."